ಪಾಂಪೆಯ ಗೋಡೆ

ಉಡುಪಿ ಮೂಲದ ಲೀಲಾಧರ ಬರ್ಕ್ಲಿಯಲ್ಲಿ ಇಪ್ಪತ್ತು ವರ್ಷದಿಂದ ಹಳೇ ಮನೆಗಳು ಭೂಕಂಪ ತಡೆಯುತ್ತವೆಯೇ ಎಂದು ಪರೀಕ್ಷಿಸುತ್ತಿರುವವರು. ಕಳೆದ ಬೇಸಿಗೆಯಲ್ಲಿ ಹೆಂಡತಿ ಆಶಾಲತಾ ಹಟ ಹಿಡಿದು ಅವರನ್ನು ಇಟಲಿಗೆ ಕರೆದೊಯ್ದರು. ರೋಮ್, ಫ್ಲಾರೆನ್ಸ್‌ಗಳಲ್ಲಿ ಎಲ್ಲರೂ ಚಿತ್ರ ನೋಡಿದರೆ ಇವರು ಗೋಡೆಯ ಬಿರುಕು ನೋಡಿದರು.

ಪಾಂಪೆಯ ಪ್ರಾಚೀನ ಅವಶೇಷಗಳಲ್ಲಿ ಗೈಡು ತೇಪೆ ಹಾಕಿದ ಗೋಡೆಯೊಂದನ್ನು ತೋರಿಸಿದ. ಜ್ವಾಲಾಮುಖಿ ಸಿಡಿಯುವುದಕ್ಕೆ ಹದಿನೇಳು ವರ್ಷ ಮೊದಲು ಅಲ್ಲಿ ಭೂಕಂಪವಾಗಿತ್ತಂತೆ. ಊರು ಬೂದಿಯಲ್ಲಿ ಹೂತುಹೋದಾಗಲೂ ಕೆಲವು ಮನೆಗಳ ರಿಪೇರಿ ಮುಗಿದಿರಲಿಲ್ಲವಂತೆ.

ಲೀಲಾಧರ ಅಲ್ಲೇ ಕೂತುಬಿಟ್ಟರು.

"ಎಂತ ಆಯ್ತು ಮಾರಾಯ್ರೆ?" ಎಂದರು ಆಶಾಲತಾ.

"ಲಾಸ್ಯಾಳ ಮನೆ ಬಿರುಕಿಗೆ ನಾನೂ ಮೂರು ಸಲ ತೇಪೆ ಮೆತ್ತಿದ್ದೇನೆ. ಎಂತದ್ದೂ ಆಗುವುದಿಲ್ಲ ಅಂತ ಹೇಳಿದ್ದೇನೆ."

ಮಗಳು ಲಾಸ್ಯಾಳ ಮನೆ ಇದ್ದದ್ದು ಬರ್ಕ್ಲಿ ಗುಡ್ಡದಲ್ಲಿ, ಭೂಮಿ ಸರಿಯುವ ಜಾಗದಲ್ಲೇ. ಮರಳಿದ ದಿನವೇ ಹೋಗಿ ನೋಡಿದರು. ಬಿರುಕು ಕಿರುಬೆರಳು ತೂರುವಷ್ಟು ಬಾಯಿಬಿಟ್ಟಿತ್ತು.

"ಈ ಮನೆ ಬಿಡು ಮಗಾ."

"ಅಪ್ಪಾ, ಯು ಆರ್ ಸ್ಕೇರಿಂಗ್ ಮಿ," ಎಂದಳು ಲಾಸ್ಯಾ.

"ನೀನು ಹೆದರಬೇಕು ಅಂತಲೇ ಹೇಳುವುದು."

ಅವಳು ಪ್ಲೆಸೆಂಟನ್ನಿನ ಅಪಾರ್ಟ್‌ಮೆಂಟಿಗೆ ಹೋದಳು. ಖಾಲಿ ಮನೆ ಇನ್ನೂ ನಿಂತಿದೆ. ಲೀಲಾಧರ ವಾರಕ್ಕೊಮ್ಮೆ ಹೋಗಿ ಬಿರುಕು ಅಳೆಯುತ್ತಾರೆ. ಅದು ಅಗಲವಾಗುತ್ತಲೇ ಇದೆ. ಪಕ್ಕದ ಮನೆಯಂಗಳದಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಆ ಮನೆ ಗಟ್ಟಿಯಿದೆಯೆಂದು ಸಹಿ ಹಾಕಿದ್ದೂ ಲೀಲಾಧರರೇ.