ಮಾಳಿಗೆಯ ಮೇಲೆ ಎರಡು ಕೋಲು

ಮಹಾಗಾಂವದ ಮಾಳಿಗೆಯೊಂದರ ಮೇಲೆ ಮಲಂಗಸಾಬ ನಿಂತಿದ್ದಾರೆ. ಸೂರ್ಯ ಇನ್ನೂ ತೊಗರಿ ಹೊಲಗಳ ಆಚೆಗಿದ್ದಾನೆ. ಕಮಲಾಪುರದ ದಿಕ್ಕಿನಲ್ಲಿ ಟವರಿನ ಕೆಂಪು ದೀಪ ಮಿಣುಕುತ್ತಿದೆ. ಮೀನಿನ ಮುಳ್ಳಿನಂಥ ಆಂಟೆನಾವನ್ನು ಅದರತ್ತ ಕೂದಲೆಳೆಯಷ್ಟು ತಿರುಗಿಸಿ, ಬೆಳಕಿಂಡಿಗೆ ಬಾಯಿ ಹಚ್ಚಿ ಕೂಗುತ್ತಾರೆ:

“ಎಷ್ಟು ಕಡ್ಡಿ ಅದಾವ್ರೀ, ಅಕ್ಕಾರ?”

“ಎರಡು... ತಡೀರಿ, ಮೂರು ಬಂದ್ವು!” ಕೆಳಗಿನಿಂದ ಇಂದೂಬಾಯಿಯ ದನಿ.

ಫೋನಿನ ಪರದೆಯ ಮೇಲೆ ಸಿಗ್ನಲ್ ತೋರಿಸುವ ಗೆರೆಗಳಿಗೆ ಈ ಕಡೆ ಕಡ್ಡಿ ಎಂದೇ ಹೆಸರು. “ಕಡ್ಡಿ ನಂಬಬ್ಯಾಡ್ರಿ. ಇಂಟರ್ನೆಟ್ಟಿನ ಹಾಳಿ ತೆರೀತದೇನು ನೋಡ್ರಿ,” ಎನ್ನುತ್ತಾರೆ ಮಲಂಗಸಾಬ.

ಈ ಮನೆಗೆ ಅವರು ಬರುತ್ತಿರುವುದು ಇದು ನಾಲ್ಕನೆಯ ಸಲ. ಇಂದೂಬಾಯಿ ಕಲಬುರಗಿಯ ಬ್ರಹ್ಮಪುರದ ಮುದ್ರಣಾಲಯವೊಂದಕ್ಕೆ ಮನೆಯಲ್ಲೇ ಟೈಪ್ ಮಾಡಿಕೊಡುವವರು. ಬಸ್ಸಿನಿಂದ ಬಿದ್ದು ಕಾಲಿಗೆ ರಾಡ್ ಹಾಕಿಸಿಕೊಂಡ ಮೇಲೆ ಟೈಪ್ ಮಾಡಿದ್ದನ್ನು ಸಿಡಿಗೆ ಹಾಕಿ ಪೇಟೆಗೆ ಓಡಾಡುವುದು ನಿಂತಿದೆ. ಈಗ ಇಂಟರ್ನೆಟ್ಟೇ ಅವರ ಬಸ್ಸು. ಆದರೆ ದಿನಾ ಹೊತ್ತೇರುವುದಕ್ಕೂ ಅದು ಕೈಕೊಡುವುದಕ್ಕೂ ಸರಿಹೋಗುತ್ತದೆ. ಯುಗಾದಿ ಪಂಚಾಂಗದ ಕೊನೆಯ ಪುಟಗಳು ಇಂದು ಮಧ್ಯಾಹ್ನದೊಳಗೆ ಬರದಿದ್ದರೆ, ಮುಂದಿನ ಕೆಲಸ ಪೇಟೆಯವರಿಗೇ ಕೊಡುವುದಾಗಿ ಮುದ್ರಣಾಲಯದ ಪ್ರಹ್ಲಾದರಾಯರು ಹೇಳಿಬಿಟ್ಟಿದ್ದಾರೆ.

ಹಿಂದೆಲ್ಲ ಮಲಂಗಸಾಬ ಸಂಜೆ ಬಂದಿದ್ದರು. ಸಂಜೆ ನೋಡಿದರೆ ಎಲ್ಲವೂ ಸರಿ. ರೋಗ ತಮ್ಮ ಕಣ್ಣೆದುರೇ ಕಾಣಿಸಿಕೊಳ್ಳಲಿ ಎಂದು ಇಂದು ಮೊದಲ ಟೆಂಪೋ ಹಿಡಿದಿದ್ದಾರೆ.

ಅವರು ಕಲಬುರಗಿಯ ರೋಜಾ ಬಡಾವಣೆಯವರು, ತಗಡಿನ ಕೆಲಸದವರ ಮಗ. ಎಂಬತ್ತರ ದಶಕದಲ್ಲಿ ಟಿ.ವಿ. ಬಂದಾಗ ಮಾಳಿಗೆ ಮಾಳಿಗೆ ಹತ್ತಿ ಆಂಟೆನಾ ಕಟ್ಟಿದರು. ಕ್ರಿಕೆಟ್ ಇದ್ದ ದಿನ ಜನ ಅವರನ್ನು ಊಟದ ತಾಟಿನ ಮುಂದಿನಿಂದಲೇ ಎಬ್ಬಿಸಿಕೊಂಡು ಹೋಗುತ್ತಿದ್ದರಂತೆ. ಕೇಬಲ್ ಬಂದದ್ದೇ ಮಾಳಿಗೆಗಳು ಬೋಳಾದವು. ಮಲಂಗಸಾಬ ಸ್ಟೋವ್ ರಿಪೇರಿಗೆ ಕುಳಿತರು. ಹಳೆಯ ಪೈಪುಗಳನ್ನು ಗುಜರಿಗೆ ಹಾಕಿರೆಂದು ಹೆಂಡತಿ ನಜ್ಮಾ ಹೇಳಿ ಹೇಳಿ ಸೋತರು. ಅಷ್ಟರಲ್ಲಿ ಹಳ್ಳಿಗಳಿಗೆ ತಂತಿಯಿಲ್ಲದ ಫೋನು ಬಂತು. ಕಂಪ್ಯೂಟರಿಗೆ ಜೋಡಿಸಿದರೆ ಇಂಟರ್ನೆಟ್. ಆದರೆ ಟವರು ದೂರ. ಪೈಪುಗಳು ಮತ್ತೆ ಮಾಳಿಗೆ ಏರಿದವು.

ಕಮಲಾಪುರದ ಇಮಾಮಬಿಯ ಮನೆಯಲ್ಲಿ ಮೊದಲ ಆಂಟೆನಾ ನಿಲ್ಲಿಸಿದ ದಿನವನ್ನು ಹೇಳುವಾಗ ಅವರ ಕೈ ಇಕ್ಕಳವನ್ನೂ ಮರೆಯುತ್ತದೆ. ಜಿದ್ದಾದಲ್ಲಿ ಹುಟ್ಟಿದ ಮೊಮ್ಮಗಳ ಫೋಟೊ ಪರದೆಯ ಮೇಲೆ ಗೆರೆಗೆರೆಯಾಗಿ ಇಳಿಯುತ್ತಿತ್ತಂತೆ. “ಮೊದಲ ಕೂದಲಾ ಬಂತು. ಆಮ್ಯಾಲ ಹಣಿ. ಕಣ್ಣು ಬರೋತನಕ ಮುದುಕಿ ಉಸುರs ಬಿಡಲಿಲ್ಲ, ನಾನೂ ಬಿಡಲಿಲ್ಲ. ಬರೀ ಗಾಳ್ಯಾಗಿಂದ ಒಂದು ಕೂಸಿನ ಮಾರಿ ಬರ್ಲಾಕತ್ತದಲ್ರೀ! ನಾ ಕಟ್ಟಿದ್ದು ಪೈಪು ಅಷ್ಟೇ. ಉಳದದ್ದು ಹ್ಯಾಂಗ ಆಗ್ತದ, ಇವತ್ತಿಗೂ ನನಗ ಬೆರಗು.”

ಬಿಸಿಲೇರುತ್ತದೆ. ಹಾಳಿ ತೆರೆಯುತ್ತಲೇ ಇದೆ. ಇಂದೂಬಾಯಿ ಕೊನೆಯ ಪುಟಗಳನ್ನು ಇನ್ನೂ ತಿದ್ದುತ್ತಿದ್ದಾರೆ. ಚಹಾ ಕುಡಿದು ಬರುತ್ತೇನೆಂದು ಅವರು ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋಗುತ್ತಾರೆ. ಚಹಾ ಸುರಿದ ಬಸಿಯನ್ನು ತುಟಿಗೆ ಹಚ್ಚಿ, ಎಂದಿನ ರೂಢಿಯಂತೆ ತಾವು ಕಟ್ಟಿದ ಆಂಟೆನಾದತ್ತ ಕಣ್ಣೆತ್ತುತ್ತಾರೆ. ಬಸಿ ಅಲ್ಲೇ ನಿಲ್ಲುತ್ತದೆ.

ಆಂಟೆನಾ ಮೇಲೆ ಒಂಬತ್ತು ಗಜದ ಸೀರೆ. ಹಸಿಹಸಿ. ನೀರು ತೊಟ್ಟಿಕ್ಕುತ್ತಿದೆ, ಭಾರಕ್ಕೆ ಆಂಟೆನಾದ ಮೂತಿ ನೆಲ ನೋಡುತ್ತಿದೆ.

ಓಡಿ ಬಂದು ನೋಡಿದರೆ ಮಾಳಿಗೆಯ ಮೇಲೆ ಇಂದೂಬಾಯಿಯ ಅತ್ತೆ ಪಾರ್ವತೀಬಾಯಿ, ಕೈಯಲ್ಲಿ ಮಡಿಕೋಲು. ಮಡಿಬಟ್ಟೆ ಯಾರಿಗೂ ತಾಗದಷ್ಟು ಎತ್ತರದಲ್ಲಿ ಒಣಗಬೇಕು. ಮನೆಯಲ್ಲಿ ಈಗ ಆಂಟೆನಾಕ್ಕಿಂತ ಎತ್ತರದ್ದು ಯಾವುದಿದೆ? ಸೊಸೆಗೆ ಮಾಳಿಗೆ ಹತ್ತಲಾಗದು. ಹಾಗಾಗಿ ಇಂದೂಬಾಯಿಗೆ ಇದು ಗೊತ್ತೇ ಆಗಿರಲಿಲ್ಲ. ಸಂಜೆಯೊಳಗೆ ಸೀರೆ ಒಣಗಿ, ಮಡಚಿ ಒಳಗೆ ಹೋಗಿರುತ್ತಿತ್ತು. ಹಗುರಾದ ಆಂಟೆನಾ ತಾನೇ ತಲೆ ಎತ್ತಿರುತ್ತಿತ್ತು.

ಮಲಂಗಸಾಬ ಮೆಟ್ಟಿಲಿನಲ್ಲೇ ನಿಲ್ಲುತ್ತಾರೆ. ನಗು ತಡೆಯಲಾಗುತ್ತಿಲ್ಲ. “ಅಮ್ಮಾರ, ನಾ ಮುಟ್ಟಿದ ಕೋಲು ಮಡಿಗಿ ನಡೀತದೇನ್ರಿ?”

“ಸೂರ್ಯನಾರಾಯಣ ದಿನಾ ಮುಟ್ತಾನ ಅದನ್ನ. ಅವಾ ಮುಟ್ಟಿದ ಮ್ಯಾಲ ನಿಂದೇನು ಉಳೀತದೋ, ಮಲಂಗಾ?”

ಬೆಳಕಿಂಡಿಯಿಂದ ಎಲ್ಲ ಕೇಳಿಸಿಕೊಂಡ ಇಂದೂಬಾಯಿ ಒಳಗಿನಿಂದ ಕೂಗುತ್ತಾರೆ: “ಅತ್ತೀ! ನನ್ನ ಪಂಚಾಂಗ ನಿಮ್ಮ ಸೀರ್‍ಯಾಗ ಸಿಕ್ಕೊಂಡದ!”

ಮುದುಕಿಯ ಮುಖ ಸಣ್ಣದಾಗುತ್ತದೆ. “ಅಯ್ಯ, ಇಷ್ಟು ದಿನಾ ಹುಡುಗಿ ಕಣ್ಣೀರು ಹಾಕಿದ್ದು ನನ್ನಿಂದೇನು?” ಮಡಿಕೋಲಿನಿಂದ ತಾವೇ ಸೀರೆ ಎತ್ತಿಕೊಳ್ಳುತ್ತಾರೆ.

ಮಲಂಗಸಾಬ ಆಂಟೆನಾ ಸರಿಪಡಿಸುತ್ತಾರೆ. ಆಮೇಲೆ ಯಾರೂ ಕೇಳದೆಯೇ, ಮಿಕ್ಕ ಪೈಪನ್ನು ಮಾಳಿಗೆಯ ಇನ್ನೊಂದು ತುದಿಗೆ ನೆಟ್ಟು, ಅಡ್ಡಕ್ಕೊಂದು ಬಿದಿರು ಬಿಗಿಯುತ್ತಾರೆ. ಆಂಟೆನಾಕ್ಕಿಂತ ಗೇಣು ಎತ್ತರ. “ಇದು ನಿಮ್ಮ ಟವರ್, ಅಮ್ಮಾರ.”

ಕೆಳಗೆ ಪುಟಗಳು ಒಂದೊಂದಾಗಿ ಹೋಗುತ್ತಿವೆ. ಪಾರ್ವತೀಬಾಯಿ ಪರದೆಗೆ ಕೈಮುಗಿಯುತ್ತಾರೆ. ತಿಥಿ, ನಕ್ಷತ್ರಗಳೆಲ್ಲ ತಮ್ಮ ಮಾಳಿಗೆಯಿಂದ ಹಾರಿ ಬ್ರಹ್ಮಪುರಕ್ಕೆ ಇಳಿಯುವುದೆಂದರೇನು! ಇಂಟರ್ನೆಟ್ ಬಿಡಿಸಿದ್ದೇ ತಡ, ಅದೇ ಫೋನು ರಿಂಗಾಗುತ್ತದೆ. ಆ ಕಡೆ ಪ್ರಹ್ಲಾದರಾಯರು: “ಎಲ್ಲಾ ಬಂದಾವ, ಇಂದೂಬಾಯಿ. ಮುಂದಿನದೂ ನಿಮಗs ಕಳಸ್ತೀನಿ.”

ಮನೆಯ ಮುಂದೆ ಟೆಂಪೋಕ್ಕೆ ಕಾಯುವಾಗ ಮಲಂಗಸಾಬ ಮಾಳಿಗೆಯತ್ತ ನೋಡುತ್ತಾರೆ. ಒಂದು ಕೋಲಿನ ಮೇಲೆ ಸೀರೆ ಹಾರಾಡುತ್ತಿದೆ. ಇನ್ನೊಂದು ಕದಲದೆ ಕಮಲಾಪುರವನ್ನೇ ನೋಡುತ್ತಿದೆ.

“ಈ ಮನೀಗಿ ನನ್ನ ಮತ್ತ ಯಾರೂ ಕರೀಬಾರದ್ರಿ,” ಎನ್ನುತ್ತಾರೆ. “ಕರೀಲಿಲ್ಲಂದ್ರ ಕೆಲಸ ಛಲೋ ಆಗ್ಯಾದ ಅಂತ ಲೆಕ್ಕ.”

ಬಾಗಿಲಿನಿಂದ ಪಾರ್ವತೀಬಾಯಿಯ ದನಿ ಬೆನ್ನಟ್ಟಿ ಬರುತ್ತದೆ: “ಏ ಮಲಂಗಾ, ಕೆಟ್ಟಾಗs ಬರಬೇಕಂತೇನಿಲ್ಲೋ! ನೆಟ್ಟಗಿದ್ದಾಗೂ ಬಾ!”