ಜೂನ್ ಒಂದರ ಕೆಂಪು ದಾರ

ಮೊನ್ನೆ ಆಫೀಸಿನ ಸಾಫ್ಟ್‌ವೇರಿಗೆ ಹೊಸ ಆವೃತ್ತಿ ಬಂತು. ಸೆಟ್ಟಿಂಗ್ ಪುಟ ತೆರೆದರೆ, ಬದಲಾದ ನಾಲ್ಕು ಸಾಲುಗಳು ಹಳದಿ ಬಳಿದುಕೊಂಡು ಕೂತಿದ್ದವು. ಎಲ್ಲರೂ ಮೆಚ್ಚಿದರು. ನನ್ನ ಹೊಟ್ಟೆಯಲ್ಲಿ ಮಾತ್ರ ಹಳೆಯ ಉರಿ ಎದ್ದಿತು. ಇಂಥದೇ ಉಪಾಯವನ್ನು ನಾನು ಎಷ್ಟೋ ವರ್ಷಗಳ ಹಿಂದೆ ಕಂಡಿದ್ದೆ. ಅದು ನನ್ನದಾಗಿರಲಿಲ್ಲ ಎಂಬುದೇ ಸಂಕಟ.

ಎರಡು ಸಾವಿರದ ಇಸವಿ ದಾಟಿದ ಹೊಸತು. ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆ ಹೈಸ್ಕೂಲು ನಡೆಸುತ್ತಿದ್ದ ಸಂಸ್ಥೆಯೊಂದಕ್ಕೆ ನಾನೊಬ್ಬನೇ ಕಂಪ್ಯೂಟರ್ ಮಾಸ್ತರ. ಶಾಲೆಯ ದಾಖಲೆಗಳ ಸಾಫ್ಟ್‌ವೇರಿಗೆ ವರ್ಷಕ್ಕೊಮ್ಮೆ ಬರುವ ಹೊಸ ಸಿ.ಡಿ.ಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಸ್ಸು ಹತ್ತುತ್ತಿದ್ದೆ. ಹೋದಲ್ಲೆಲ್ಲ ಚಹಾ ಬರುತ್ತಿತ್ತು, ಹೆಡ್‌ಮಾಸ್ತರರು ತಮ್ಮ ಕುರ್ಚಿ ಬಿಟ್ಟುಕೊಡುತ್ತಿದ್ದರು. ಹೊಸದು ಹಾಕಿದ ಮೇಲೆ ಯಾವ ಸೆಟ್ಟಿಂಗು ಬದಲಾಯಿತೆಂದು ಯಾರಾದರೂ ಕೇಳಿದರೆ ಹಣೆಗೆ ಬೆರಳಿಟ್ಟು, 'ಎಲ್ಲಾ ಇಲ್ಲೈತ್ರಿ' ಎನ್ನುತ್ತಿದ್ದೆ. ಇರಲಿಲ್ಲ. ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಆಗ ಗಜೇಂದ್ರಗಡದ ಶಾಲೆಗೆ ಶಮೀಮ್ ಎಂಬ ಗುಮಾಸ್ತೆ ಬಂದಳು. ತಂದೆ ಟೇಲರ್. ಸಿ.ಡಿ. ಹಾಕುವ ಮೊದಲೊಮ್ಮೆ, ಹಾಕಿದ ಮೇಲೊಮ್ಮೆ ಸೆಟ್ಟಿಂಗುಗಳ ಪಟ್ಟಿಯನ್ನು ಪ್ರಿಂಟ್ ತೆಗೆದು, ಎರಡೂ ಹಾಳೆಗಳನ್ನು ಒಂದರ ಮೇಲೊಂದು ಕಿಟಕಿಯ ಗಾಜಿಗೆ ಒತ್ತಿ ಹಿಡಿಯುತ್ತಿದ್ದಳು. ಅಕ್ಷರ ಹೊಂದದ ಸಾಲಿನ ಪಕ್ಕ ಕೆಂಪು ದಾರದ ಒಂದು ಹೊಲಿಗೆ ಹಾಕುತ್ತಿದ್ದಳು.

'ಪೆನ್ನಿಲೆ ಗೆರಿ ಹೊಡದ್ರ ಆಗೂದಿಲ್ಲೇನ್ರಿ?' ಎಂದು ಕುಟುಕಿದೆ.

'ಹಾಳಿ ತುಂಬ ಪೆನ್ನಿನ ಗೆರೀನ ಇರ್ತಾವ್ರಿ ಸರ್, ಯಾರೂ ನೋಡೂದಿಲ್ಲ. ನಮ್ಮ ಅಬ್ಬಾ ಅಂಗಿ ತಿದ್ದೂ ಮುಂದ ಕೆಂಪ ದಾರ ಹಾಕ್ತಾರ, ತಿದ್ದಿದ ಮ್ಯಾಲೆ ಬಿಚ್ತಾರ. ದಾರ ಐತಿ ಅಂದ್ರ ಕೆಲಸ ಬಾಕಿ ಐತಿ ಅಂತ.'

ಅಲ್ಲಿಂದ ಎಲ್ಲರೂ ಅವಳ ಹಾಳೆಯನ್ನೇ ಕೇಳತೊಡಗಿದರು, ನನ್ನ ಚಹಾ ತಣ್ಣಗಾಯಿತು. ನರೇಗಲ್ ಬಸ್ ನಿಲ್ದಾಣದಲ್ಲಿ ಸಿಕ್ಕ ಡ್ರಿಲ್ ಮಾಸ್ತರ ಕೂಡ, 'ಆ ದಾರದಾಕಿ ಭಾಳ ಶಾಣ್ಯಾಕಿ ನೋಡ್ರಿ' ಎಂದ. ಆ ದಿನ ಊಟ ಸೇರಲಿಲ್ಲ.

ಒಂದು ಜೂನ್ ತಿಂಗಳು ಶಾಲೆ ಬಿಟ್ಟ ದಾಖಲೆಗಳನ್ನು ಮುದ್ರಿಸಲು ಅವಳನ್ನು ನನ್ನ ಮೇಜಿದ್ದ ನರಗುಂದದ ಶಾಲೆಗೆ ಕರೆಸಿದರು. ಬಂದ ದಿನವೇ, ನಾನು ಹೊಸ ಸಿ.ಡಿ. ಹಾಕಿದ ಮೇಲೆ, ದಾರ ಹಾಕಿದ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು, 'ಒಂದ ಸಾಲು ಬದಲಾಗೇತ್ರಿ ಸರ್, ನೋಡ್ರಿ' ಎಂದಳು. 'ನಾ ತಿದ್ತೇನ್ರಿ, ನೀವು ಪ್ರಿಂಟ್ ತಗೀರಿ' ಎಂದೆ. ಅವಳು ಆಚೆ ಹೋದದ್ದೇ ತಡ, ಓದದೆ ಡ್ರಾಯರಿಗೆ ತುರುಕಿದೆ.

ಬದಲಾದದ್ದು ದಿನಾಂಕದ ಸಾಲು. ದಿನ ಹಿಂದೆ ಹೋಗಿ ತಿಂಗಳು ಮುಂದೆ ಬಂದು, 01-06 ಎಂಬುದು 06-01 ಆಗಿತ್ತು. ನಮ್ಮ ಕಡೆ ಅರ್ಧ ಊರು ಜೂನ್ ಒಂದಕ್ಕೇ ಹುಟ್ಟಿದೆಯೆಂಬುದು ನಿಮಗೆ ಗೊತ್ತಲ್ಲ? ಶಾಲೆಗೆ ಹಚ್ಚುವಾಗ ಅಪ್ಪನಿಗೆ ತಾರೀಖು ನೆನಪಿರುವುದಿಲ್ಲ, ಮಾಸ್ತರರೇ ಬರೆದುಕೊಳ್ಳುತ್ತಾರೆ. ನಾನೂ ಜೂನ್ ಒಂದರವನೇ. ಆ ಅರ್ಧ ಊರು ಸಹಿ, ಶಾಲೆಯ ಸಿಕ್ಕಾ ಸಮೇತ ಜನವರಿ ಆರಕ್ಕೆ ಹುಟ್ಟಿಬಿಟ್ಟಿತು.

ಚಿಕ್ಕನರಗುಂದದ ರೈತರೊಬ್ಬರು ಮಗಳ ದಾಖಲೆ ಹಿಡಿದು ಬಂದರು. 'ನಮ್ಮ ಹುಡುಗಿನ್ನ ಐದ ತಿಂಗಳ ಲಗೂ ಹುಟ್ಟಿಸೀರಲ್ರಿ. ಕಾಲೇಜಿನವ್ರು ಅರ್ಜಿ ತಗೋವಲ್ರು.'

ಹೆಡ್‌ಮಾಸ್ತರರು ಎಲ್ಲರೆದುರು ಕೇಳಿದರು: 'ಶಮೀಮ್, ನಿಮ್ಮ ದಾರ ಎಲ್ಲಿ ಹೋತ್ರಿ?'

ಅವಳು ಒಮ್ಮೆ ನನ್ನ ಮೇಜಿನ ಕಡೆ ನೋಡಿದಳು. ನಾನು ಮೊಣಕಾಲಿನಿಂದ ಡ್ರಾಯರನ್ನು ಇನ್ನಷ್ಟು ಒಳಗೆ ಒತ್ತಿದೆ.

'ಹೇಳೂದು ಮರ್ತೆನ್ರಿ ಸರ್' ಎಂದಳು.

ನನಗೆ ಖುಷಿಯಾಯಿತು. ಹೀಗೆ ಬರೆಯಲು ನಾಚಿಕೆಯೆನಿಸುತ್ತದೆ, ಆದರೂ ಆದದ್ದು ಖುಷಿಯೇ. ದಾಖಲೆಗಳನ್ನೆಲ್ಲ ಮತ್ತೆ ಮುದ್ರಿಸಿಕೊಟ್ಟು ಅವಳು ಗಜೇಂದ್ರಗಡಕ್ಕೆ ಮರಳಿದಳು. ದಾರದ ಹಾಳೆಯನ್ನು ಆಮೇಲೆ ಯಾರೂ ಕೇಳಲಿಲ್ಲ. ನನ್ನ ಚಹಾ ಮತ್ತೆ ಬಿಸಿಯಾಗಿ ಬರತೊಡಗಿತು.

ಮೊನ್ನೆ ಆ ಹಳದಿ ಸಾಲುಗಳನ್ನು ನೋಡಿದ ಮೇಲೆ ಕೂರಲಾಗಲಿಲ್ಲ. ಶಮೀಮಳ ನಂಬರು ಹುಡುಕಿ ಫೋನ್ ಮಾಡಿದೆ.

'ಆವತ್ತ ನಿಮ್ಮ ಹಾಳಿ ನನ್ನ ಡ್ರಾಯರದಾಗ ಇತ್ರಿ.'

'ಗೊತ್ತೈತ್ರಿ ಸರ್. ದಾರದ ತುದಿ ಹೊರಗ ಕಾಣ್ತಿತ್ತು.'

'ಮತ್ತ ಯಾಕ ಸುಮ್ಮನಿದ್ರಿ?'

'ನೀವ ತಗದು ಕೊಡ್ತೀರಂತ ಕಾದೆ.' ಅವಳೇ ಕೇಳಿದಳು, 'ಹಾಳಿ ಇನ್ನೂ ಐತೇನ್ರಿ?'

'ಐತ್ರಿ.'

'ಹಂಗಾರ ಈಗ ಬಿಚ್ರಿ ಸರ್.'

ಹರಿದೊಗೆಯಲು ಧೈರ್ಯವಾಗದೆ ಇಟ್ಟುಕೊಂಡಿದ್ದ ಹಾಳೆಯನ್ನು ಹೊರಗೆ ತೆಗೆದು, ಸೂಜಿ ಹಿಡಿದು ಕೂತೆ. ಇಷ್ಟು ವರ್ಷವಾದರೂ ಹೊಲಿಗೆ ಒಂದಿಷ್ಟೂ ಸಡಿಲವಾಗಿರಲಿಲ್ಲ. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.