ನಮ್ಮ ನೀರಿನ ಬಲಸುತ್ತು

ಸಮುದ್ರವಿಲ್ಲದ ಊರಿನವರಿಗೆ ಹಾಯಿದೋಣಿ ಯಾಕೆ ಬೇಕು ಅಂತ ಕೇಳಿದವರಿಗೆ ನಾನು ಇವತ್ತಿನವರೆಗೂ ಸಮಾಧಾನದಿಂದ ಉತ್ತರ ಕೊಟ್ಟಿಲ್ಲ. ಕೊಡುವ ಮನಸ್ಸೂ ಇಲ್ಲ. ಕ್ರಿಕೆಟ್ ಆಡುವ ಹುಡುಗರಿಗೆ "ನಿಮ್ಮಪ್ಪ ಇಂಗ್ಲೆಂಡಿನವನೇನು?" ಅಂತ ಯಾರೂ ಕೇಳುವುದಿಲ್ಲ. ಹಾಯಿಗೆ ಬೇಕಾದದ್ದು ನೀರು ಮತ್ತು ಗಾಳಿ. ಚಿಂಚೋಳಿಯ ಗುಡ್ಡಗಳ ನಡುವೆ ಕಟ್ಟಿದ ಜಲಾಶಯದಲ್ಲಿ ನೀರಿತ್ತು. ಗಾಳಿಯಂತೂ ಆಷಾಢ ಬಂತೆಂದರೆ ಮನೆಯ ಮೇಲಿನ ತಗಡು ಹಾರಿಸುವಷ್ಟಿತ್ತು. ಇನ್ನೇನು ಬೇಕು?

ನಾನು ಚಿತ್ತಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ತೊಂಬತ್ತರ ದಶಕದ ಮೊದಮೊದಲಲ್ಲಿ ಎನ್‌ಸಿಸಿ ತರಬೇತಿಗೆಂದು ನನ್ನನ್ನು ಕರಾವಳಿಗೆ ಕಳಿಸಿದರು. ಹೋಗುವಾಗ ಅಳುಮೋರೆ ಹಾಕಿಕೊಂಡು ಹೋದವಳು, ಬರುವಾಗ ಹುಚ್ಚು ಹಿಡಿಸಿಕೊಂಡು ಬಂದೆ. ಎಂಜಿನ್ ಇಲ್ಲ, ಹುಟ್ಟು ಇಲ್ಲ, ಬರೀ ಬಟ್ಟೆ ಬಿಗಿಹಿಡಿದರೆ ದೋಣಿ ಓಡುತ್ತದೆ. ಗಾಳಿ ಎದುರಿಗಿದ್ದರೂ ಓರೆಯಾಗಿ ಅದರ ಮೈಮೇಲೇ ಹತ್ತಿಕೊಂಡು ಹೋಗುತ್ತದೆ. ಗಾಳಿಗೆ ಎದುರಾಗಿ ಹೋಗಬಹುದು ಅಂತ ಗೊತ್ತಾದ ದಿನ ನನಗೆ ಆದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ನನ್ನ ಯಜಮಾನರ ಎದುರಿಗೇ ಹೇಳಿದ್ದೇನೆ.

ನಮ್ಮದು ವೈಷ್ಣವರ ಮನೆ. ಅತ್ತೆಯವರು ಮಡಿ ಬಿಟ್ಟು ಇನ್ನೊಂದು ಕಂಡವರಲ್ಲ. ನಾನು ಭಾನುವಾರ ಸಂಜೆ ನೆನೆದ ಸೀರೆಯಲ್ಲಿ ಮನೆ ಸೇರಿದಾಗ, "ನಿನಗೇನವ್ವಾ, ವಾರಾ ವಾರಾ ತೊಯ್ಸಿಕೊಂಡೇ ಬರ್ತಿ, ಊರಾಗ ನಿನ್ನಷ್ಟು ಮಡಿ ಯಾರದೂ ಇಲ್ಲ" ಅನ್ನುತ್ತಿದ್ದರು. ಬೈಗುಳವೋ ಆಶೀರ್ವಾದವೋ ತಿಳಿಯದೆ ನಾನು ಎರಡೂ ಅಂತಲೇ ತೆಗೆದುಕೊಂಡೆ.

ಐದು ಊರಿನವರು ಸೇರಿ ಸಂಘ ಕಟ್ಟಿದೆವು. ಸೇಡಂನ ವಕೀಲರೊಬ್ಬರು ಅಧ್ಯಕ್ಷರು. ಈಜು ಬಾರದ ಅವರು ದೋಣಿಯನ್ನು ದಂಡೆಯಿಂದಲೇ ಪ್ರೀತಿಸುತ್ತಿದ್ದರು. ವಾಡಿಯ ಬಡಿಗೇರರು ಪ್ಲೈವುಡ್ಡಿನಲ್ಲಿ ಪುಟ್ಟ ದೋಣಿಗಳನ್ನು ಮಾಡಿಕೊಟ್ಟರು. ಹಾಯಿ ಹೊಲಿದದ್ದು ಮದುವೆಯ ಶಾಮಿಯಾನ ಹೊಲಿಯುವ ದರ್ಜಿ. ಹಾಗಾಗಿ ನಮ್ಮ ಹಾಯಿಗಳೆಲ್ಲ ಹಳದಿ, ಅಂಚಿಗೆ ಕೆಂಪು. ದೂರದಿಂದ ನೋಡಿದರೆ ನೀರಿನ ಮೇಲೆ ದಿಬ್ಬಣ ಹೊರಟಂತೆ ಕಾಣುತ್ತಿತ್ತು. ರೇಸಿನಲ್ಲಿ ದೋಣಿಗಳು ಸುತ್ತಿ ಬರುವುದಕ್ಕೆ ಗುರುತು ಬೇಕಲ್ಲ, ಅದಕ್ಕೆ ಕೆಂಪು ಬಣ್ಣ ಬಳಿದ ಪ್ಲಾಸ್ಟಿಕ್ ಡ್ರಮ್ಮುಗಳು. ಅವು ತೇಲಿ ಹೋಗದಂತೆ ಹಗ್ಗ ಕಟ್ಟಿ ಕೆಳಗೆ ಬಿಟ್ಟದ್ದು ಶಹಾಬಾದದ ಫರಸಿ ಕಲ್ಲು. ಕಾರ್ಯದರ್ಶಿ, ಕೋಚು, ಉಪ್ಪಿಟ್ಟು ಮಾಡುವವಳು, ಮೂರೂ ನಾನೇ.

ವಾರದ ಅಭ್ಯಾಸಕ್ಕೆ ಚಿಂಚೋಳಿ ದೂರ. ಶಹಾಬಾದದ ಹತ್ತಿರ ಕೆಲಸ ನಿಂತ ಒಂದು ಕಲ್ಲಿನ ಖಣಿಯಲ್ಲಿ ಮಳೆನೀರು ತುಂಬಿ ಹೊಂಡವಾಗಿತ್ತು. ಅಲ್ಲೇ ಕಲಿಸುತ್ತಿದ್ದೆ. ಬರುತ್ತಿದ್ದವರಲ್ಲಿ ಹೆಚ್ಚಿನವರು ಕಾಗಿಣಾ ದಂಡೆಯ ಮನೆಗಳ ಮಕ್ಕಳು. ಇವರ ಹಿರಿಯರು ನದಿ ದಾಟಿಸುತ್ತಿದ್ದವರು. ಸೇತುವೆ ಆದ ಮೇಲೆ ಖಣಿಗೂ ಹೊಲಕ್ಕೂ ಕೂಲಿಗೆ ಹೊರಟವರು. ಅವರಲ್ಲಿ ಒಬ್ಬಳು ಹುಡುಗಿ, ನನ್ನ ಕ್ಲಾಸಿನಲ್ಲಿ ಬೀಜಗಣಿತ ಕಂಡರೆ ಮುಖ ತಿರುಗಿಸುತ್ತಿದ್ದವಳು, ಚುಕ್ಕಾಣಿ ಹಿಡಿದರೆ ಬೇರೆಯೇ ಆಗುತ್ತಿದ್ದಳು. ಗಾಳಿ ತಿರುಗುವ ಮೊದಲೇ ಅವಳ ಕುತ್ತಿಗೆ ತಿರುಗುತ್ತಿತ್ತು. ಅವಳನ್ನು ಕಂಡರೆ ನನಗೆ ಹೆಮ್ಮೆ, ಸ್ವಲ್ಪ ಹೊಟ್ಟೆಕಿಚ್ಚು ಕೂಡ.

ಮೊದಲು ನಾನು ಕಲಿತಂತೆಯೇ ಕಲಿಸಿದೆ. ಲೋಕದ ಹಾಯಿ ರೇಸುಗಳಲ್ಲಿ ವಾಡಿಕೆ ಅಂದರೆ ಗುರುತನ್ನು ಎಡಕ್ಕೆ ಇಟ್ಟುಕೊಂಡು ಸುತ್ತುವುದು. ಒಂದು ಭಾನುವಾರ ಆ ಹುಡುಗಿಯ ಆಯಿ, ಅವಳನ್ನು ಸಾಕಿದ ಅಜ್ಜಿ, ನೋಡಲು ಬಂದಿದ್ದಳು. ಮೊಮ್ಮಗಳು ಡ್ರಮ್ಮನ್ನು ಎಡಕ್ಕೆ ಹಾಕಿ ಸುತ್ತುತ್ತಿದ್ದದ್ದು ನೋಡಿದ್ದೇ ತಡ, ಮುದುಕಿ ಎದ್ದು ದಂಡೆಗೆ ಬಂದು ಕೂಗಿದಳು.

"ಏ ಟೀಚರಮ್ಮಾ, ಏನು ಮಾಡಸ್ಲಾಕತ್ತೀರಿ? ಸುಡುಗಾಡದಾಗ ಹೆಣದ ಸುತ್ತ ತಿರಗೂ ಹಂಗ ನನ್ನ ಕೂಸಿಗಿ ತಿರಗಸ್ತೀರೇನು? ಎಡಸುತ್ತು ಸತ್ತೋರಿಗ್ರಿ. ಬದುಕಿದ್ದವರಿಗಿ ಬಲಸುತ್ತು!"

ದೋಣಿ ದಂಡೆಗೆ ಬರುವ ತನಕ ಬಿಡಲಿಲ್ಲ. ಹಗ್ಗ ಹಿಡಿದು ತಾನೇ ಎಳೆದಳು. ನನಗೂ ಮೈ ಜುಂ ಅಂದಿತು. ಪ್ರತಿದಿನ ತುಳಸಿ ಕಟ್ಟೆಗೆ ಬಲಗಡೆಯಿಂದ ಸುತ್ತು ಹಾಕುವವಳು ನಾನು. ಅಪ್ಪನ ಚಿತೆಗೆ ಅಣ್ಣ ಎಡಕ್ಕೆ ಸುತ್ತಿದ್ದನ್ನೂ ದೂರದಿಂದ ನೋಡಿದವಳು. ಇದು ನನಗೇ ಹೊಳೆಯಬೇಕಿತ್ತು, ಹೊಳೆದಿರಲಿಲ್ಲ.

ಹಾಯಿ ರೇಸಿನ ನಿಯಮ ನನಗೆ ಬಾಯಿಪಾಠವಿತ್ತು. ಎಡಕ್ಕೇ ಸುತ್ತಬೇಕು ಅಂತ ಅದರಲ್ಲಿ ಎಲ್ಲೂ ಇಲ್ಲ. ರೇಸು ನಡೆಸುವವರು ಯಾವ ಕಡೆಯಿಂದ ಅಂತ ಮೊದಲೇ ಹೇಳಬೇಕು, ಹೇಳಿದ ಮೇಲೆ ಎಲ್ಲರಿಗೂ ಅದೇ ದಾರಿ, ಅಷ್ಟೇ ಇರುವುದು. ಎಡಕ್ಕೆ ಅನ್ನುವುದು ಬರೀ ಅವರ ರೂಢಿ. ಹಾಗಿದ್ದರೆ ನಮಗೂ ಒಂದು ರೂಢಿ ಇದೆ! ಅವತ್ತಿನಿಂದ ನಮ್ಮ ಸಂಘದ ರೇಸುಗಳೆಲ್ಲ ಬಲಸುತ್ತು. ಮುದುಕಿ ಡ್ರಮ್ಮಿಗೆ ಕುಂಕುಮ ಹಚ್ಚಿ ಮನೆಗೆ ಹೋದಳು.

ಹೀಗೆ ಕೆಲವು ವರ್ಷ ನಡೆಯಿತು. ನಮಗೆ ಕೊರತೆ ಇದ್ದದ್ದು ಒಂದೇ, ಮಾನ್ಯತೆ. ರಾಜಧಾನಿಯ ದೊಡ್ಡ ಸಂಘ ನಮ್ಮನ್ನು ತನ್ನೊಳಗೆ ಸೇರಿಸಿಕೊಂಡರೆ ಮಾತ್ರ ನಮ್ಮಲ್ಲಿ ಗೆದ್ದವರಿಗೆ ರಾಜ್ಯದ ತಂಡದಲ್ಲಿ ಜಾಗ. ಕೇಳಿ ಕೇಳಿ ಸಾಕಾಗಿತ್ತು. ಹೊಸ ಶತಮಾನ ಶುರುವಾದ ಮೇಲೆ ಒಂದು ಶ್ರಾವಣದಲ್ಲಿ ಕೊನೆಗೂ ಅವರ ಕಾರ್ಯದರ್ಶಿ ಬರಲು ಒಪ್ಪಿದರು. ತಮ್ಮ ನಾಲ್ಕು ದೋಣಿಗಳನ್ನೂ ಮಕ್ಕಳನ್ನೂ ತರುತ್ತೇವೆ, ಚಿಂಚೋಳಿಯಲ್ಲಿ ನಿಮ್ಮ ರೇಸು ನೋಡುತ್ತೇವೆ, ಸರಿ ಕಂಡರೆ ಮಾನ್ಯತೆ, ಗೆದ್ದವರಿಗೆ ತಂಡದಲ್ಲಿ ಜಾಗ ಅಂದರು. ಆ ಜಾಗ ಯಾರದಾಗಬೇಕು ಅಂತ ನನಗೆ ಅನುಮಾನವೇ ಇರಲಿಲ್ಲ. ಹುಡುಗಿ ಆಗ ಪಿಯುಸಿ. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತಿತ್ತು.

ಅವತ್ತು ಬೆಳಿಗ್ಗೆ ಎಲ್ಲರನ್ನೂ ದಂಡೆಯಲ್ಲಿ ಕೂಡಿಸಿ ದಾರಿ ಹೇಳಿದೆ. ಕರಿಹಲಗೆಯ ಮೇಲೆ ಚಿತ್ರ ಬರೆದೆ, ಬಾಣ ಹಾಕಿದೆ. "ನಮ್ಮಲ್ಲಿ ಬಲಸುತ್ತು. ಡ್ರಮ್ಮು ನಿಮ್ಮ ಬಲಗೈ ಕಡೆ ಇರಬೇಕು" ಅಂತ ಮತ್ತೆ ಮತ್ತೆ ಹೇಳಿದೆ. ಬಂದ ಮಕ್ಕಳು ತಲೆಯಾಡಿಸಿದರು. ಕಾರ್ಯದರ್ಶಿಗಳು ಚಹಾ ಕುಡಿಯುತ್ತ, "ಓಹೋ, ದೇವಸ್ಥಾನದ ಹಾಗೆ" ಅಂತ ನಕ್ಕರು. ನಗಲಿ ಬಿಡಿ, ಕೇಳಿಸಿಕೊಂಡರಲ್ಲ ಅಂತ ನಾನೂ ನಕ್ಕೆ.

ಸೀಟಿ ಊದಿದೆ. ಬಿಳಿ ಹಾಯಿಯ ಅವರ ದೋಣಿಗಳು ನಮ್ಮವುಗಳಿಗಿಂತ ಹಗುರ, ಚುರುಕು. ಮೊದಲ ಡ್ರಮ್ಮಿಗೆ ನಾಲ್ಕೂ ಮುಂದೆ. ನಾಲ್ಕೂ ಡ್ರಮ್ಮಿನ ಹತ್ತಿರ ಹೋದವು, ನಾಲ್ಕೂ ಒಂದರ ಹಿಂದೊಂದು ಎಡಕ್ಕೆ ತಿರುಗಿದವು. ಚಿಕ್ಕಂದಿನಿಂದ ಎಡಕ್ಕೇ ತಿರುಗಿದ ಕೈ, ಕಿವಿಗೆ ಬಿದ್ದ ಮಾತು ಕೈವರೆಗೆ ಇಳಿದಿರಲಿಲ್ಲ. ಹಿಂದೆ ಬಂದ ನಮ್ಮ ಹುಡುಗಿ ಬಲಕ್ಕೆ ತಿರುಗಿದಳು, ಅವಳ ಹಿಂದೆ ನಮ್ಮವರೆಲ್ಲ. ಸ್ವಲ್ಪ ಹೊತ್ತಿಗೆ ಜಲಾಶಯದ ನಟ್ಟನಡುವೆ ಬಿಳಿ ಹಾಯಿಗಳೂ ಹಳದಿ ಹಾಯಿಗಳೂ ಎದುರುಬದುರಾದವು.

"ರಾಂಗ್ ವೇ! ರಾಂಗ್ ವೇ!" ಅಂತ ಬಿಳಿ ಹಾಯಿಯ ಹುಡುಗ ಕೂಗಿದ.

"ನಿಂದೇ ರಾಂಗು! ತಿರಗು ಹಿಂದಕ್ಕ!" ಅಂತ ನಮ್ಮವಳ ದನಿ ದಂಡೆಯವರೆಗೂ ಕೇಳಿಸಿತು. ಒಡ್ಡಿನ ಮೇಲೆ ಕೂತ ಜನ ಬಿದ್ದು ಬಿದ್ದು ನಕ್ಕರು. ಹುಡುಗಿ ಮೊದಲು ಬಂದಳು. ಬಿಳಿ ಹಾಯಿಗಳನ್ನು ತಪ್ಪು ದಾರಿಗಾಗಿ ನಾನು ರೇಸಿನಿಂದ ತೆಗೆದೆ.

ಕಾರ್ಯದರ್ಶಿಗಳ ನಗು ಮಾಯವಾಗಿತ್ತು. "ನೋಡಿ ಮೇಡಂ, ಪ್ರಪಂಚದಲ್ಲೆಲ್ಲ ಎಡಕ್ಕೆ ಸುತ್ತುತ್ತಾರೆ. ಇದನ್ನು ರೇಸ್ ಅನ್ನೋಕಾಗಲ್ಲ. ಮಧ್ಯಾಹ್ನ ಸರಿಯಾದ ದಿಕ್ಕಲ್ಲಿ ಇನ್ನೊಂದು ಸಲ ನಡೆಸಿ. ಮಾನ್ಯತೆ ವಿಚಾರ ಆಮೇಲೆ ಮಾತಾಡೋಣ" ಅಂದರು.

"ನೀವು ಕೂತು ಕೇಳಿದ್ದೀರಿ, ಸರ್. ನಿಮ್ಮ ಮಕ್ಕಳೂ ತಲೆಯಾಡಿಸಿದ್ದಾರೆ. ದಾರಿ ಹೇಳಿದ ಮೇಲೆ ಅದೇ ದಾರಿ. ಇದು ನನ್ನ ನಿಯಮ ಅಲ್ಲ, ನಿಮ್ಮದೇ."

"ನಿಯಮ ಬೇರೆ, ಪದ್ಧತಿ ಬೇರೆ."

"ಹೌದು. ಪದ್ಧತಿ ನಮ್ಮದೂ ಒಂದಿದೆ."

ನಮ್ಮ ವಕೀಲರು ನನ್ನನ್ನು ಬೇವಿನ ಗಿಡದ ಹಿಂದೆ ಕರೆದರು. "ಟೀಚರ್, ಸಿಟ್ಟು ಮಾಡಬ್ಯಾಡ್ರಿ. ಒಂದು ರೇಸ್ರಿ, ಒಂದೇ. ಎಡಕ್ಕ ತಿರಗಿದ್ರ ಏನು ಆಕಾಶ ಬೀಳ್ತದೇನು? ಇಷ್ಟು ವರ್ಷದ್ದು ಕೈಗಿ ಬಂದದ, ಬಾಯಿಗಿ ಬರ್ಲಿ."

ಅವರು ಕೆಟ್ಟವರಲ್ಲ. ಹೇಳಿದ್ದರಲ್ಲಿ ಹುರುಳಿತ್ತು, ಅದೇ ನನ್ನ ಹೊಟ್ಟೆ ಉರಿಸಿತು. ಆಯಿಯ ನೆನಪಾಯಿತು. ಎಡಸುತ್ತು ಅಂದರೆ ಮೊಮ್ಮಗಳನ್ನು ದೋಣಿ ಹತ್ತಲು ಬಿಡಲಾರಳು. ಬಿಟ್ಟಳೆಂದೇ ಇಟ್ಟುಕೊಳ್ಳಿ, ಗೆದ್ದವಳನ್ನು ಕರೆದು "ನೀನು ಗೆದ್ದದ್ದು ಗೆಲುವಲ್ಲ, ದೊಡ್ಡವರಿಗೆ ಸೇರಲಿಲ್ಲ, ಮತ್ತೊಮ್ಮೆ ಗೆದ್ದು ತೋರಿಸು" ಅಂತ ಯಾವ ಬಾಯಿಂದ ಹೇಳಲಿ? ಹುಡುಗಿ ಆಚೆ ಕೂತು ಒದ್ದೆ ಜಡೆ ಹಿಂಡುತ್ತ ನನ್ನನ್ನೇ ನೋಡುತ್ತಿದ್ದಳು. ಇನ್ನೊಮ್ಮೆ ರೇಸು ಇಡಿ ಅಂತ ಕೇಳಲಿಲ್ಲ. ಕೇಳಿದ್ದರೆ ಬಹುಶಃ ನಾನು ಕರಗುತ್ತಿದ್ದೆ.

ವಾಪಸು ಬಂದು ಕಾರ್ಯದರ್ಶಿಗಳಿಗೆ ಹೇಳಿದೆ: "ಮಧ್ಯಾಹ್ನ ರೇಸು ಇಡೋಣ ಸರ್, ನಿಮ್ಮ ಮಕ್ಕಳು ಇಷ್ಟು ದೂರ ಬಂದಿದ್ದಾರೆ. ಆದರೆ ಬಲಸುತ್ತೇ. ಬೆಳಗಿನದು ಮುಗಿಯಿತು, ಗೆದ್ದವಳು ಗೆದ್ದಳು."

ಅವರು ದೋಣಿಗಳನ್ನು ಲಾರಿಗೆ ಏರಿಸಿದರು. ಊಟವನ್ನೂ ಮಾಡಲಿಲ್ಲ. ಹೊರಡುವಾಗ, "ಒಣಭೂಮಿಯವರಿಗೆ ಹಠ ಒಂದಿದೆ, ಸೈಲಿಂಗ್ ಗೊತ್ತಿಲ್ಲ" ಅಂದರು. ನಾನು ಉಪ್ಪಿಟ್ಟಿನ ಸೌಟು ಹಿಡಿದುಕೊಂಡೇ, "ಗೊತ್ತಿದ್ದವರು ನಡುನೀರಿನಲ್ಲಿ ದಾರಿ ತಪ್ಪಿದ್ದನ್ನು ನಾವೆಲ್ಲ ನೋಡಿದೆವು" ಅಂದೆ. ಅಂದದ್ದಕ್ಕೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಮಾನ್ಯತೆ ಹೋಯಿತು, ತಂಡದ ಜಾಗವೂ ಹೋಯಿತು. ಮನೆಗೆ ಹೋಗುವ ಟೆಂಪೋದಲ್ಲಿ ಹುಡುಗಿ ಕಿಟಕಿ ಕಡೆ ಮುಖ ಮಾಡಿ ಅತ್ತಳು. ನಾನೂ ಅತ್ತೆ, ಇನ್ನೊಂದು ಕಿಟಕಿಗೆ.

ಆದರೆ ಗಾಳಿ ಎದುರಿಗಿದ್ದರೆ ಓರೆಯಾಗಿ ಹೋಗಬೇಕು ಅಂತ ಕಲಿಸಿದವಳೇ ನಾನು. ಅದೇ ಚಳಿಗಾಲದಲ್ಲಿ ಕರಾವಳಿಯಲ್ಲಿ ದೊಡ್ಡ ಸಂಘದವರದೇ ಒಂದು ಮುಕ್ತ ರೇಸಿತ್ತು. ಯಾವ ಸಂಘದ ಹಂಗೂ ಇಲ್ಲದೆ ಯಾರು ಬೇಕಾದರೂ ಇಳಿಯಬಹುದು, ದೋಣಿ ಅವರೇ ಕೊಡುತ್ತಾರೆ. ಅಲ್ಲಿ ಎಡಸುತ್ತು ಅಂತ ಬೇರೆ ಹೇಳಬೇಕೇ? ಆಯಿಯನ್ನು ಕೇಳಲು ಅಂಜುತ್ತಲೇ ನದಿ ದಂಡೆಯ ಅವಳ ಮನೆಗೆ ಹೋದೆ. ಮುದುಕಿ ತೊಗರಿ ಹಸನ ಮಾಡುತ್ತಿದ್ದಳು. ಎಲ್ಲ ಕೇಳಿಸಿಕೊಂಡು ಮೊರ ಕೆಳಗಿಟ್ಟಳು.

"ಆ ನೀರು ಯಾರದ್ರಿ?"

"ಅವರದು, ಆಯಿ."

"ಮತ್ತ? ಬೀಗರ ಮನಿಗಿ ಹೋದ್ರ ಅವರು ಕುಂದ್ರಂದಲ್ಲಿ ಕುಂದ್ರಬೇಕು. ಅವರು ನಮ್ಮ ಮನಿಗಿ ಬಂದ್ರ ನಾವಂದಲ್ಲಿ ಕುಂದ್ರಬೇಕು. ಅವರಿಗಿ ಇದು ಹಿರೇರು ಕಲಸಿಲ್ಲ. ನನ್ನ ಕೂಸಿಗಿ ನಾ ಕಲಸೀನಿ. ಕರಕೊಂಡು ಹೋಗ್ರಿ."

ನಮ್ಮ ನೀರಿನಲ್ಲಿ ಮಾತ್ರ ಎಡಕ್ಕೆ ತಿರುಗಕೂಡದು ಅಂದಳು. ಹಾಗಾಗಿ ಹುಡುಗಿ ಒಂದು ದಿನವೂ ನೀರಿನ ಮೇಲೆ ಎಡಸುತ್ತು ಕಲಿಯಲಿಲ್ಲ. ನಮ್ಮ ಪಡಸಾಲೆಯಲ್ಲಿ ನೆಲದ ಮೇಲೆ ಚಪ್ಪಲಿಗಳನ್ನು ದೋಣಿ ಮಾಡಿ, ಲೋಟಗಳನ್ನು ಡ್ರಮ್ಮು ಮಾಡಿ ತಿರುಗಿಸಿದೆವು. ಮನೆಯೊಳಗೆ ಚಪ್ಪಲಿ ನೋಡಿ ಅತ್ತೆಯವರು ಎದೆ ಹಿಡಿದುಕೊಂಡರು, ಆಮೇಲೆ ತಾವೇ ಒಂದು ಲೋಟ ಸರಿಸಿ, "ಗಾಳಿ ಈ ಕಡಿಂದ ಬಂದ್ರ?" ಅಂತ ಕೇಳಿದರು.

ರೇಸಿನ ದಿನ ದಂಡೆಯ ಮೇಲೆ ಅದೇ ಕಾರ್ಯದರ್ಶಿಗಳು ದುರ್ಬೀನು ಹಿಡಿದು ನಿಂತಿದ್ದರು. ನಮ್ಮನ್ನು ಗುರುತಿಸಿದರು. ಪಕ್ಕದವರಿಗೆ ಏನೋ ಹೇಳಿದರು, ಇಬ್ಬರೂ ನಕ್ಕರು. ಅವಳು ಮೊದಲ ಗುರುತಿನ ಹತ್ತಿರ ಹೋದಾಗ ದುರ್ಬೀನು ಅವಳ ಮೇಲೇ ಇತ್ತು. ವರ್ಷಗಟ್ಟಲೆ ಬಲಕ್ಕೆ ತಿರುಗಿದ ಕೈ ಅದು. ನಾನು ಕಣ್ಣು ಮುಚ್ಚಬೇಕೆಂದುಕೊಂಡೆ, ಮುಚ್ಚಲಿಲ್ಲ.

ಎಡಕ್ಕೆ ತಿರುಗಿದಳು. ಗುರುತನ್ನು ಸವರಿಕೊಂಡಂತೆ, ಆದರೆ ಮುಟ್ಟದೆ, ಸಲೀಸಾಗಿ. ಎರಡನೆಯದಕ್ಕೂ ಹಾಗೆಯೇ, ಮೂರನೆಯದಕ್ಕೂ. ಮೊದಲು ಬರಲಿಲ್ಲ, ಸಮುದ್ರದ ಅಲೆ ಅವಳಿಗೆ ಹೊಸದು, ನಡುವೆಲ್ಲೋ ಬಂದಳು. ಆದರೆ ದಾರಿ ತಪ್ಪಲಿಲ್ಲ.

ದೋಣಿ ಎಳೆದಿಟ್ಟು, ತೊಟ್ಟಿಕ್ಕುವ ಬಟ್ಟೆಯಲ್ಲೇ ನೆಟ್ಟಗೆ ಕಾರ್ಯದರ್ಶಿಗಳ ಎದುರಿಗೆ ಹೋಗಿ ನಿಂತಳು. ಬೈದಾಳೇನೋ ಅಂತ ನಾನು ಹಿಂದೆಯೇ ಓಡಿದೆ. ಅವಳು ಕೈಮುಗಿದಳು.

"ಸರ, ನಿಮ್ಮ ನೀರಾಗ ನೀವು ಹೇಳಿದಂಗ ತಿರಗೀನ್ರಿ," ಅಂದಳು. "ನಮ್ಮ ನೀರು ಅಲ್ಲೇ ಅದ. ಯಾವಾಗ ಬರ್ತೀರಿ?"